ಲಿನಕ್ಸ್‌ನಲ್ಲಿ ಪುಟ್ಟ ಮಕ್ಕಳ ಆಟಗಳು: ಟಕ್ಸ್ ಪೇಂಟ್, ಜೀಕಾಂಪ್ರಿ ಮತ್ತು ಒಂದಷ್ಟು

ಎರಡರಿಂದ ಎಂಟು ವರ್ಷದ ಮಕ್ಕಳಿಗೆ ಲಿನಕ್ಸ್‌ನಲ್ಲಿ ಆಟಗಳಿಗೇನೂ ಬರವಿಲ್ಲ, ಅದೂ ದುಡ್ಡಿಲ್ಲದೆ, ಜಾಹೀರಾತಿಲ್ಲದೆ. ಆದರೂ ಹತ್ತು ಆಟ ಹಾಕಿಕೊಟ್ಟರೆ ಮಗು ಐದೇ ನಿಮಿಷಕ್ಕೆ ಎದ್ದು ಹೋಗುವುದುಂಟು. ನಾವು ವಯಸ್ಸು ನೋಡಿ ಆಟ ಆರಿಸುತ್ತೇವೆ, ನೋಡಬೇಕಾದದ್ದು ಮಗುವಿನ ಕೈಯನ್ನು. ಮೌಸ್ ಅಲ್ಲಾಡಿಸುವುದು, ಗುರಿಯಿಟ್ಟು ಕ್ಲಿಕ್ ಮಾಡುವುದು, ಗುಂಡಿ ಒತ್ತಿ ಹಿಡಿದೇ ಎಳೆಯುವುದು, ಕೀಲಿಮಣೆಯಲ್ಲಿ ಅಕ್ಷರ ಹುಡುಕುವುದು: ಇವು ಬೇರೆಬೇರೆ ಹಂತಗಳು. ಒತ್ತಿ ಹಿಡಿದು ಎಳೆಯಲು ಬಾರದ ಮಗುವಿಗೆ ಚಿತ್ರ ಜೋಡಿಸುವ ಆಟ ಕೊಟ್ಟರೆ ಅದಕ್ಕೆ ರೇಗುತ್ತದೆ, ಅಷ್ಟೇ. ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಅಂತೂ ಬೇಡವೇ ಬೇಡ. ಸಣ್ಣ ಗಾತ್ರದ ಮೌಸ್ ಒಂದನ್ನು ತನ್ನಿ, ಸೆಟ್ಟಿಂಗ್ಸ್‌ನಲ್ಲಿ ಅದರ ವೇಗ ತಗ್ಗಿಸಿ, ಬಾಣದ ಗಾತ್ರ ದೊಡ್ಡದು ಮಾಡಿ.

ಇನ್ನೂ ಕೀಲಿಮಣೆಯನ್ನು ಕುಟ್ಟುವುದೇ ಆಟವಾಗಿರುವ ಕೂಸಿಗೆ ಬ್ಯಾಮ್‌ಬ್ಯಾಮ್ ಸಾಕು. ಯಾವ ಕೀ ಒತ್ತಿದರೂ ಬಣ್ಣದ ಆಕಾರವೋ ಅಕ್ಷರವೋ ಮೂಡಿ ಸದ್ದು ಬರುತ್ತದೆ. ಹೊರಬರಲು ದೊಡ್ಡವರು ‘ಕ್ವಿಟ್’ ಎಂಬ ಪದದ ಇಂಗ್ಲಿಷ್ ಅಕ್ಷರಗಳನ್ನು ಸಾಲಾಗಿ ಟೈಪ್ ಮಾಡಬೇಕು. ಹತ್ತು ನಿಮಿಷದ ಸರಕು, ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ನಿಜವಾದ ಮೊದಲ ತಂತ್ರಾಂಶ ಟಕ್ಸ್ ಪೇಂಟ್. 2002ರಲ್ಲಿ ಬಿಲ್ ಕೆಂಡ್ರಿಕ್ ಶುರು ಮಾಡಿದ್ದು, ಇವತ್ತಿಗೂ ಹೊಸ ಆವೃತ್ತಿಗಳು ಬರುತ್ತಿವೆ. ಕನ್ನಡದಲ್ಲಿಯೂ ಓಡುತ್ತದೆ, ಕೆಳಗೆ ನಿಂತ ಪೆಂಗ್ವಿನ್ ಕೊಡುವ ಸೂಚನೆಗಳು ಕನ್ನಡದಲ್ಲೇ ಬರುತ್ತವೆ. ಅಕ್ಷರಗಳ ಬದಲು ಚೌಕಗಳು ಕಂಡರೆ ಫಾಂಟ್ ಇಲ್ಲವೆಂದೇ ಅರ್ಥ. ಲಿನಕ್ಸ್ ಬಗೆಗಳಾದ ಉಬುಂಟು, ಡೆಬಿಯನ್‌ನಲ್ಲಿ ಗುಬ್ಬಿ ಅಥವಾ ನವಿಲು ಫಾಂಟಿನ ಪ್ಯಾಕೇಜ್ ಹಾಕಿಕೊಳ್ಳಿ. ಅಚ್ಚು ಒತ್ತುವ ಚಿತ್ರಗಳು, ಅಂದರೆ ಸ್ಟ್ಯಾಂಪ್‌ಗಳು, ಬೇರೆಯೇ ಪ್ಯಾಕೇಜಿನಲ್ಲಿವೆ. ಅದನ್ನು ಬಿಟ್ಟರೆ ಅರ್ಧ ಸಂಭ್ರಮವೇ ಹೋದಂತೆ.

ಜೊತೆಗೆ ‘ಟಕ್ಸ್ ಪೇಂಟ್ ಕಾನ್ಫಿಗ್’ ಹಾಕಿಕೊಂಡು, ಮಗುವನ್ನು ಕೂರಿಸುವ ಮೊದಲೇ ತೆರೆಯಿರಿ. ಪರದೆ ತುಂಬ ಕಾಣುವಂತೆ ಮಾಡಿ, ಭಾಷೆ ಆರಿಸಿ. ಹೆಚ್ಚು ರೆಸಲ್ಯೂಶನ್‌ನ ಪರದೆಗಳಲ್ಲಿ ಗುಂಡಿಗಳು ಕಡಲೆಕಾಳಿನಷ್ಟು ಕಾಣುತ್ತವೆ. ಮೂಲ ಗಾತ್ರ 48 ಪಿಕ್ಸೆಲ್. ಇದನ್ನು 96ಕ್ಕೆ ಏರಿಸಿದರೆ ಪುಟ್ಟ ಕೈಗೂ ಗುರಿ ಸಿಗುತ್ತದೆ. ಮುದ್ರಣವನ್ನು ಪೂರ್ತಿ ನಿಲ್ಲಿಸಿ, ಇಲ್ಲವೇ ಎರಡು ಮುದ್ರಣಗಳ ನಡುವೆ ಇಷ್ಟು ಸೆಕೆಂಡು ಕಾಯಬೇಕೆಂದು ಕೊಡಿ. ಪ್ರಿಂಟರ್ ಚಿತ್ರದ ಮೇಲೆ ಮಗು ಸತತವಾಗಿ ಒತ್ತಿದರೆ ಕಾಗದವೂ ಹೋಯಿತು, ಶಾಯಿಯೂ ಹೋಯಿತು. ಮುಚ್ಚುವಾಗ ತಾನಾಗಿಯೇ ಉಳಿಸುವ ಆಯ್ಕೆಯನ್ನೂ ಹಾಕಿ, ‘ಉಳಿಸಲೇ?’ ಎಂಬ ಪ್ರಶ್ನೆಗೆ ಓದಲು ಬಾರದ ಮಗು ಏನು ಉತ್ತರ ಕೊಟ್ಟೀತು? ಟಕ್ಸ್ ಪೇಂಟ್‌ನಲ್ಲಿ ಮೌಸಿನ ಎಡಗುಂಡಿ ಮಾತ್ರ ಕೆಲಸ ಮಾಡುತ್ತದೆ, ಸರಿಯಾದ ಗುಂಡಿಯೇ ಅಭ್ಯಾಸವಾಗಲಿ ಎಂದು ಬೇಕೆಂದೇ ಹಾಗೆ ಮಾಡಿದ್ದಾರೆ. ಮಗು ಅಂಗೈಯನ್ನೇ ಮೌಸಿನ ಮೇಲಿಟ್ಟು ಎಲ್ಲೆಂದರಲ್ಲಿ ಒತ್ತುತ್ತಿದ್ದರೆ, ಗುಂಡಿಗಳ ನಡುವಿನ ಈ ಭೇದ ತೆಗೆದುಹಾಕುವ ಆಯ್ಕೆಯೂ ಅಲ್ಲೇ ಇದೆ. ಮೊದಲೆರಡು ವಾರಕ್ಕೆ ಇರಲಿ, ಆಮೇಲೆ ತೆಗೆಯಿರಿ.

ಜೀಕಾಂಪ್ರಿಯದು ಬೇರೆಯೇ ಜಾಯಮಾನ. ಫ್ರೆಂಚಿನಲ್ಲಿ ‘ನನಗೆ ಅರ್ಥವಾಯಿತು’ ಎನ್ನುವಂತೆ ಕೇಳಿಸುವ ಹೆಸರು. 2000ದಲ್ಲಿ ಬ್ರೂನೊ ಕೂದ್ವಾಂ ಆರಂಭಿಸಿದ ಇದು ಈಗ ಮುಕ್ತ ತಂತ್ರಾಂಶ ಕಟ್ಟುವ ಕೆಡಿಇ ಬಳಗದಲ್ಲಿದೆ. 180ಕ್ಕೂ ಹೆಚ್ಚು ಚಟುವಟಿಕೆಗಳಿವೆ. ಅದೇ ಇದರ ಬಲ, ಅದೇ ತೊಂದರೆ. ಮೊದಲ ಸಲ ತೆರೆದಾಗ ಎರಡು ವರ್ಷದ ಮಗುವಿನ ಆಟದ ಪಕ್ಕದಲ್ಲೇ ಚದುರಂಗವೂ ವಿದ್ಯುತ್ ಮಂಡಲವೂ ಇರುತ್ತವೆ. ಪ್ರತಿ ಚಟುವಟಿಕೆಗೂ ಒಂದರಿಂದ ಆರರವರೆಗಿನ ಕಷ್ಟದ ಅಂಕವನ್ನು ನಕ್ಷತ್ರಗಳಲ್ಲಿ ತೋರಿಸಿದ್ದಾರೆ. ಮೊದಲ ಮೂರು ಸುಮಾರು ಎರಡರಿಂದ ಆರು ವರ್ಷಕ್ಕೆ, ಉಳಿದ ಮೂರು ಏಳರ ಮೇಲ್ಪಟ್ಟವರಿಗೆ. ಸೆಟ್ಟಿಂಗ್ಸ್‌ನಲ್ಲಿ ಈ ಮಿತಿ ಹಾಕದೆ ಮಗುವಿನ ಕೈಗೆ ಕೊಡಬೇಡಿ. ಹಿನ್ನೆಲೆ ಸಂಗೀತವನ್ನೂ ನಿಲ್ಲಿಸಿಬಿಡಿ, ದೊಡ್ಡವರ ತಲೆಯೂ ಉಳಿಯುತ್ತದೆ.

ಮೌಸ್ ಕಲಿಸಲು ಇದರಷ್ಟು ಅಚ್ಚುಕಟ್ಟಾದ ಮೆಟ್ಟಿಲು ಬೇರೆಲ್ಲೂ ಕಾಣಸಿಗದು. ಒಂದು ಚಿತ್ರದ ಮೇಲೆ ಚೌಕಗಳನ್ನು ಮುಚ್ಚಿರುತ್ತಾರೆ. ಮೊದಲ ಚಟುವಟಿಕೆಯಲ್ಲಿ ಬಾಣವನ್ನು ಅವುಗಳ ಮೇಲೆ ಹಾಯಿಸಿದರೆ ಸಾಕು, ಚೌಕ ಮಾಯ. ಎರಡನೆಯದರಲ್ಲಿ ಕ್ಲಿಕ್ ಮಾಡಬೇಕು, ಮೂರನೆಯದರಲ್ಲಿ ಡಬಲ್ ಕ್ಲಿಕ್. ಆಟ ಅದೇ, ಚಿತ್ರ ಕಾಣುವ ಆಸೆ ಅದೇ, ಕೈಗೆ ಮಾತ್ರ ಹೊಸ ಕೆಲಸ. ಇನ್ನು ಜಲಚಕ್ರದ ಚಟುವಟಿಕೆ: ಮೀನು ಹಿಡಿದು ದೋಣಿಯಲ್ಲಿ ಮರಳಿದ ಪೆಂಗ್ವಿನ್‌ಗೆ ಸ್ನಾನ ಆಗಬೇಕು, ಕೊಳಾಯಿಯಲ್ಲಿ ನೀರಿಲ್ಲ. ಸೂರ್ಯ, ಮೋಡ, ಪಂಪು, ಕೊಳಚೆ ಶುದ್ಧೀಕರಣ ಘಟಕ ಎಲ್ಲವನ್ನೂ ಮಗು ಒತ್ತಿ ಚಾಲೂ ಮಾಡಿದ ಮೇಲೆಯೇ ಶವರ್ ಬರುವುದು. ಪಠ್ಯಪುಸ್ತಕದ ಬಾಣಗುರುತಿನ ಚಿತ್ರಕ್ಕಿಂತ ಇದು ಮನಸ್ಸಿನಲ್ಲಿ ಉಳಿಯುತ್ತದೆ.

ಇದರ ತೊಡಕುಗಳೂ ಇಲ್ಲದಿಲ್ಲ. ಮಾತಿನ ಧ್ವನಿ ಕಡತಗಳನ್ನು ಇದು ಬೇರೆಯಾಗಿ ಇಳಿಸಿಕೊಳ್ಳುತ್ತದೆ. ಇಂಟರ್ನೆಟ್ ಇಲ್ಲದಾಗ ಮೊದಲ ಸಲ ತೆರೆದರೆ ಅಕ್ಷರ, ಬಣ್ಣಗಳ ಆಟ ಮೂಕಾಗಿರುತ್ತದೆ. ಒಮ್ಮೆ ಸಂಪರ್ಕ ಇರುವಾಗ ತೆರೆದು, ಧ್ವನಿಗಳನ್ನೂ ಪದಗಳ ಚಿತ್ರಗುಚ್ಛವನ್ನೂ ಇಳಿಸಿಟ್ಟುಕೊಳ್ಳಿ. ಹಳೆಯ ಯಂತ್ರದಲ್ಲಿ ಕಿಟಕಿ ಕಪ್ಪಾಗಿಯೇ ನಿಂತರೆ ಅದು ಸಾಮಾನ್ಯವಾಗಿ ಗ್ರಾಫಿಕ್ಸ್ ಡ್ರೈವರಿನ ದೋಷ. ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ತಂತ್ರಾಂಶದ ಹೆಸರಿನ ನಂತರ ಎರಡು ಅಡ್ಡಗೆರೆ ಹಾಕಿ ‘ಸಾಫ್ಟ್‌ವೇರ್-ರೆಂಡರರ್’ ಎಂದು ಇಂಗ್ಲಿಷಿನಲ್ಲಿ ಸೇರಿಸಿ ಓಡಿಸಿ. ತುಸು ನಿಧಾನ, ಆದರೆ ನಡೆಯುತ್ತದೆ. ಮಗು ಸೆಟ್ಟಿಂಗ್ಸ್ ಕೆದಕುತ್ತಿದ್ದರೆ ಇದೇ ರೀತಿ ‘ಎನೇಬಲ್-ಕಿಯಾಸ್ಕ್‌ಮೋಡ್’ ಸೇರಿಸಿ. ಸೆಟ್ಟಿಂಗ್ಸ್ ಗುಂಡಿಯೂ ಹೊರಹೋಗುವ ಗುಂಡಿಯೂ ಮರೆಯಾಗುತ್ತವೆ.

ಆರು ದಾಟಿ ಕೂಡಿಸಿ ಕಳೆಯಲು ಬಂದವರಿಗೆ ಟಕ್ಸ್‌ಮ್ಯಾತ್. ಲೆಕ್ಕ ಹೊತ್ತ ಧೂಮಕೇತುಗಳು ಬೀಳುತ್ತವೆ, ಉತ್ತರ ಟೈಪ್ ಮಾಡಿದರೆ ಸಿಡಿಯುತ್ತವೆ. ರೂಪ ಹಳತು, ಮಗ್ಗಿ ಬಾಯಿಪಾಠಕ್ಕೆ ಮಾತ್ರ ಗಟ್ಟಿ. ಬಲಬದಿಯಲ್ಲಿ ಅಂಕಿಗಳ ಗುಚ್ಛವಿರುವ ಕೀಲಿಮಣೆ ಬೇಕು. ಇಲ್ಲದಿದ್ದರೆ ಉತ್ತರ ಗೊತ್ತಿದ್ದೂ ಬೆರಳು ತಡವಾಗಿ ಸೋಲಬೇಕಾಗುತ್ತದೆ. ಸುಮ್ಮನೆ ಆಡಲು ಬಣ್ಣದ ಗುಳ್ಳೆ ಹೊಡೆಯುವ ಫ್ರೋಜನ್ ಬಬಲ್ ಒಳ್ಳೆಯದು. ಎಡ, ಬಲ, ಮೇಲಿನ ಬಾಣದ ಕೀಗಳಲ್ಲೇ ಇಡೀ ಆಟ ಮುಗಿಯುತ್ತದೆ.

ಸೂಪರ್‌ಟಕ್ಸ್‌ಕಾರ್ಟ್ ಎಂಬ ಗಾಡಿ ಓಟದ ಆಟ ಎಲ್ಲರೂ ಹೇಳುವ ಹೆಸರು. ಆಟ ಸೊಗಸು, ಆದರೆ ಮೂರು ಆಯಾಮದ್ದು, ತಕ್ಕಮಟ್ಟಿನ ಗ್ರಾಫಿಕ್ಸ್ ಬೇಕು, ಡಿಸ್ಕಿನಲ್ಲಿ 700 ಎಂಬಿ ಆಸುಪಾಸು ಜಾಗ ಬೇಕು. ಬಾಣದ ಕೀಗಳನ್ನು ಎರಡೆರಡು ಒಟ್ಟಿಗೆ ಒತ್ತಲು ಬಾರದ ಮಗು ಗೋಡೆಗೆ ಗುದ್ದುತ್ತಲೇ ಇರುತ್ತದೆ. ಆರು ಏಳು ವರ್ಷದವರೆಗೆ ಕಾಯಿರಿ. ಇದರಲ್ಲಿ ಅಪರಿಚಿತರೊಂದಿಗೆ ಆಡುವ ಆನ್‌ಲೈನ್ ವಿಭಾಗವೂ ಇದೆ. ಫ್ಲ್ಯಾಟ್‌ಪ್ಯಾಕ್ (ಆಟವನ್ನು ಉಳಿದ ವ್ಯವಸ್ಥೆಯಿಂದ ಬೇರೆಯಾಗಿಟ್ಟು ಹಾಕಿಕೊಳ್ಳುವ ವಿಧಾನ) ಮೂಲಕ ಹಾಕಿಕೊಂಡು, ಅದರ ಅನುಮತಿಗಳನ್ನು ಬದಲಿಸುವ ಫ್ಲ್ಯಾಟ್‌ಸೀಲ್ ತೆರೆದು, ಅದಕ್ಕೆ ಮಾತ್ರ ನೆಟ್‌ವರ್ಕ್ ಅನುಮತಿ ತೆಗೆದುಬಿಟ್ಟರೆ ಸಾಕು.

ಯಾವ ಆಟವಾದರೂ ಮಗುವಿಗೆ ನಿರ್ವಾಹಕ ಅಧಿಕಾರವಿಲ್ಲದ ಪ್ರತ್ಯೇಕ ಖಾತೆ ಮಾಡಿಕೊಡಿ. ಉಬುಂಟು ಮುಂತಾದವುಗಳಲ್ಲಿ ಬರುವ ಗ್ನೋಮ್ ಎಂಬ ಡೆಸ್ಕ್‌ಟಾಪ್ ಬಳಸುವವರಿಗೆ ಇನ್ನೊಂದು ಕಾಟವಿದೆ: ವಿಂಡೋಸ್ ಚಿಹ್ನೆಯ ಕೀ ತಾಗಿದರೆ ಪರದೆ ತುಂಬಿದ ಆಟವೂ ಚಿಕ್ಕದಾಗಿ ಹಿಂದೆ ಸರಿಯುತ್ತದೆ. ಮಗುವಿನ ಖಾತೆಯಲ್ಲಿ ಡಿಕಾನ್ಫ್ ಎಡಿಟರ್ ಎಂಬ ಸೆಟ್ಟಿಂಗ್ಸ್ ಸಾಧನ ತೆರೆದು, ಮಟರ್ ವಿಭಾಗದ ಓವರ್‌ಲೇ-ಕೀ ಮೌಲ್ಯವನ್ನು ಖಾಲಿ ಬಿಡಿ. ನಿಮ್ಮ ಖಾತೆಯಲ್ಲಿ ಆ ಕೀ ಎಂದಿನಂತೆಯೇ ಇರುತ್ತದೆ.