ಒಂದೇ ಸ್ಕ್ರಿಪ್ಟು, ಮೂರು ದಾರಿ: ಸಿಸ್.ಆರ್ಗ್‌ವಿ, ಆರ್ಗ್‌ಪಾರ್ಸ್, ಕ್ಲಿಕ್

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ, ಹಳೆಯ ಆಸ್ಕಿ ಅಕ್ಷರಸಂಕೇತದ ಕಡತಗಳನ್ನು ಯುನಿಕೋಡ್‌ಗೆ ತರಲು ನಾನು ಪೈಥಾನ್‌ನಲ್ಲಿ ಬರೆದುಕೊಂಡ ಸ್ಕ್ರಿಪ್ಟ್ ಒಂದಿದೆ. ಅದಕ್ಕೆ ತಿಳಿಯಬೇಕಾದದ್ದು ಮೂರೇ: ಯಾವ ಕಡತವನ್ನು ಓದಬೇಕು, ಎಲ್ಲಿಗೆ ಬರೆಯಬೇಕು, ನಿಜವಾಗಿ ಬರೆಯಬೇಕೋ ಅಥವಾ ಪರದೆಯ ಮೇಲೆ ತೋರಿಸಿದರೆ ಸಾಕೋ. ಇಷ್ಟನ್ನು ಕಮಾಂಡ್ ಲೈನ್‌ನಿಂದ, ಅಂದರೆ ಸ್ಕ್ರಿಪ್ಟನ್ನು ಓಡಿಸಲು ಟೈಪ್ ಮಾಡುವ ಸಾಲಿನಿಂದ, ಪಡೆಯಲು ಮೂರು ದಾರಿಗಳನ್ನು ಹಿಡಿದು ನೋಡಿದೆ.

ಸಿಸ್.ಆರ್ಗ್‌ವಿ ಎಂಬುದು ಬರಿಯ ಪಟ್ಟಿ. ಸೊನ್ನೆಯ ಸ್ಥಾನದಲ್ಲಿ ಸ್ಕ್ರಿಪ್ಟಿನ ಹೆಸರು, ಮುಂದೆ ನಾವು ಟೈಪ್ ಮಾಡಿದ ಪದಗಳು. ಅಂಕಿ ಕೊಟ್ಟರೂ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿಯೇ ಸಿಗುತ್ತದೆ. ಎರಡು ಸಾಲಿನಲ್ಲಿ ಕೆಲಸ ಮುಗಿಯಿತು. ಆದರೆ ಒಂದು ಸಂಜೆ ಅವಸರದಲ್ಲಿ ಎರಡು ಕಡತಗಳ ಹೆಸರನ್ನು ಅದಲುಬದಲು ಮಾಡಿ ಎಂಟರ್ ಒತ್ತಿದೆ. ಸ್ಕ್ರಿಪ್ಟ್ ಚಕಾರವೆತ್ತದೆ ಮೂಲದ ಮೇಲೆಯೇ ಬರೆದುಬಿಟ್ಟಿತು. ಅದು ನಮ್ಮ ತಂದೆ ಟೈಪ್ ಮಾಡಿಟ್ಟಿದ್ದ ಗಾದೆಗಳ ಸಂಗ್ರಹ. ಬೇರೆ ಪ್ರತಿ ಇರಲಿಲ್ಲ. ಉಳಿದದ್ದು ಒತ್ತಕ್ಷರಗಳು ಕೆಟ್ಟುಹೋಗಿದ್ದ ಹಿಂದಿನ ದಿನದ ಫಲಿತಾಂಶ ಮಾತ್ರ. ಅದನ್ನು ಕೈಯಾರೆ ತಿದ್ದಲು ಎರಡು ವಾರ ಹಿಡಿಯಿತು.

ಆಮೇಲೆ ಇಂಥ ಆಯ್ಕೆಗಳನ್ನು ಓದಿಕೊಡುವ ಆರ್ಗ್‌ಪಾರ್ಸ್ ಎಂಬ ಮಾಡ್ಯೂಲಿಗೆ ಬಂದೆ. 2010ರ ಪೈಥಾನ್ 2.7ರಿಂದ ಇದು ಪೈಥಾನ್ ಜೊತೆಗೇ ಬರುತ್ತದೆ. '--ಇನ್‌ಪುಟ್', '--ಔಟ್‌ಪುಟ್' ಎಂದು ಹೆಸರಿಟ್ಟು ಎರಡನ್ನೂ ಕಡ್ಡಾಯ ಮಾಡಿದೆ. ಯಾವುದು ಮೊದಲು ಬಂದರೂ ಚಿಂತೆಯಿಲ್ಲ. ಒಂದನ್ನು ಬಿಟ್ಟರೆ ಬಳಕೆಯ ಕ್ರಮವನ್ನು ತೋರಿಸಿ, ದೋಷವನ್ನು ಸೂಚಿಸುವ 2 ಎಂಬ ನಿರ್ಗಮನ ಸಂಕೇತದೊಂದಿಗೆ ನಿಲ್ಲುತ್ತದೆ. ಸಹಾಯದ ವಿವರಣೆಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಸ್ಕ್ರಿಪ್ಟನ್ನು ನನಗಿಂತ ಹೆಚ್ಚು ಬಳಸುವುದು ಪುಟ ಜೋಡಿಸುವ ಗೆಳೆಯರು, ಅವರು ಓದಿ ಅರ್ಥ ಮಾಡಿಕೊಳ್ಳಬೇಕು.

ಇದರಲ್ಲೂ ಎರಡು ಕಡೆ ಎಡವಿದೆ. ಕಡತಕ್ಕೆ ಬರೆಯದೆ ಪರದೆಯ ಮೇಲಷ್ಟೇ ತೋರಿಸುವ 'ಡ್ರೈ-ರನ್' ಆಯ್ಕೆಗೆ 'ಟೈಪ್=ಬೂಲ್' (ನಿಜ ಅಥವಾ ಸುಳ್ಳು) ಎಂದು ಬರೆದಿದ್ದೆ. 'ಫಾಲ್ಸ್' ಎಂದು ಕೊಟ್ಟರೂ ಅದು ನಿಜವೆಂದೇ ಎಣಿಸಿತು, ಏಕೆಂದರೆ ಖಾಲಿಯಲ್ಲದ ಯಾವ ಸ್ಟ್ರಿಂಗ್ ಆದರೂ ಪೈಥಾನ್‌ಗೆ ನಿಜ. ಅಲ್ಲಿ ಬಳಸಬೇಕಾದದ್ದು, ಆಯ್ಕೆಯ ಹೆಸರು ಬಂದರೆ ಸಾಕು ನಿಜವೆಂದು ಎಣಿಸುವ 'ಸ್ಟೋರ್_ಟ್ರೂ'. ಇನ್ನೊಂದು, ಆರ್ಗ್‌ಪಾರ್ಸ್ ಮೊಟಕು ಹೆಸರನ್ನೂ ಒಪ್ಪುತ್ತದೆ. '--ಔಟ್' ಎಂದರೆ ಸಾಕೆಂದು ಗೆಳೆಯರು ರೂಢಿ ಮಾಡಿಕೊಂಡಿದ್ದರು. ನಾನು '--ಔಟ್‌ಪುಟ್-ಎನ್‌ಕೋಡಿಂಗ್' ಸೇರಿಸಿದ ದಿನ ಎರಡರಲ್ಲಿ ಯಾವುದೆಂದು ತಿಳಿಯದೆ ಎಲ್ಲರ ಆಜ್ಞೆಯೂ ನಿಂತಿತು. ಈಗ ಮೊಟಕು ಹೆಸರನ್ನು ತಡೆಯುವ 'ಅಲೋ_ಅಬ್ರೆವ್=ಫಾಲ್ಸ್' ಹಾಕದೆ ಯಾವ ಸ್ಕ್ರಿಪ್ಟನ್ನೂ ಹಂಚುವುದಿಲ್ಲ.

ಬರೆಯುವ ಸುಖ ಹೆಚ್ಚಿರುವುದು ಕ್ಲಿಕ್ ಎಂಬ ಲೈಬ್ರರಿಯಲ್ಲಿ. ಫಂಕ್ಷನ್ನಿನ ಮೇಲೆ ಡೆಕೊರೇಟರ್ (@ ಚಿಹ್ನೆಯಿಂದ ಶುರುವಾಗುವ ಸಾಲು) ಇಟ್ಟರೆ ಆಯ್ಕೆ ಸಿದ್ಧ. ಕಡತ ಇದೆಯೇ ಎಂಬ ತಪಾಸಣೆ, 'ಮುಂದುವರಿಯಲೇ?' ಎಂಬ ಪ್ರಶ್ನೆ, ಉಪಆಜ್ಞೆಗಳು, ಎಲ್ಲವೂ ಕೈಗೆಟುಕುತ್ತವೆ. ಅದರ ಮೇಲೇ ಕಟ್ಟಿದ ಟೈಪರ್ ಎಂಬ ಇನ್ನೊಂದು ಲೈಬ್ರರಿಗೆ ಟೈಪ್ ಹಿಂಟ್‌ಗಳೇ (ಮೌಲ್ಯ ಯಾವ ಬಗೆಯದೆಂಬ ಸೂಚನೆಗಳು) ಸಾಕು. ಆದರೆ ಎರಡನ್ನೂ ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕು. ಗೆಳೆಯರ ಕಚೇರಿಯ ಕಂಪ್ಯೂಟರಿನಲ್ಲಿ ಪೈಥಾನ್ ಇತ್ತು, ಇಂಟರ್ನೆಟ್ ಇರಲಿಲ್ಲ. ಕ್ಲಿಕ್‌ನಲ್ಲಿ ಬರೆದದ್ದು ಅಲ್ಲಿ ಮೊದಲ ಸಾಲಿನಲ್ಲೇ ಮುಗ್ಗರಿಸಿತು.

ಹಾಗಾಗಿ ಬೇರೆಯವರ ಕೈಗೆ ಹೋಗುವ ಸ್ಕ್ರಿಪ್ಟಿಗೆ ನನ್ನ ಆಯ್ಕೆ ಆರ್ಗ್‌ಪಾರ್ಸ್. ನನ್ನ ಲ್ಯಾಪ್‌ಟಾಪ್‌ನಲ್ಲೇ ಉಳಿಯುವ, ಉಪಆಜ್ಞೆಗಳು ಹಲವಿರುವ ಕೆಲಸಗಳಿಗೆ ಕ್ಲಿಕ್. ಸಿಸ್.ಆರ್ಗ್‌ವಿಯನ್ನು ಒಂದೇ ಕಡತವನ್ನು ಓದಿ ತೋರಿಸುವ ಸ್ಕ್ರಿಪ್ಟಿಗೆ ಮಾತ್ರ ಬಳಸುತ್ತೇನೆ. ಬರೆಯುವ ಕಡತವನ್ನು ಈಗ ಎಲ್ಲ ಕಡೆಯೂ 'ಎಕ್ಸ್' ಮೋಡ್‌ನಲ್ಲಿ ತೆರೆಯುತ್ತೇನೆ. ಆ ಹೆಸರಿನ ಕಡತ ಮೊದಲೇ ಇದ್ದರೆ ಪೈಥಾನ್ ಅದನ್ನು ಮುಟ್ಟದೆ ದೋಷ ತೋರಿಸಿ ನಿಲ್ಲುತ್ತದೆ.