ಮಚ್ಛೆಯ ಡ್ರಮ್, ಹಡಗಿನ ಡ್ರಮ್

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಚಿಕ್ಕ ಮಶೀನ್ ಶಾಪ್ ಇದೆ. ಕಾರಿನ ಹಿಂಚಕ್ರದ ಬ್ರೇಕ್ ಡ್ರಮ್ಮಿನ ಎರಕ ಕೊಂಡು, ಸಿಎನ್‌ಸಿಯಲ್ಲಿ, ಅಂದರೆ ಕಂಪ್ಯೂಟರ್ ನಡೆಸುವ ಲೇತಿನಲ್ಲಿ, ತಿರುವಿ (ಸುತ್ತಿಸುತ್ತಾ ಮೈ ಕೆತ್ತಿ ಅಳತೆಗೆ ತಂದು) ಪುಣೆ ಬಳಿಯ ಚಾಕಣದ ಗಿರಾಕಿಗೆ ಕಳುಹಿಸುತ್ತೇವೆ. ವಿದೇಶಿ ಕಂಪನಿಯೊಂದು ನಮ್ಮ ದೇಶದಲ್ಲಿ ತಯಾರಿಸುವ ಕಾರುಗಳಿಗೆ ಅವರು ಆಕ್ಸಲ್ ಕೊಡುತ್ತಾರೆ. ಎರಕ ಮೊದಲಿನಿಂದಲೂ ಬೆಳಗಾವಿ ಪಕ್ಕದ ಮಚ್ಛೆಯ ಫೌಂಡ್ರಿಯದು. ದರ ಇಳಿಸಬೇಕೆಂಬ ಒತ್ತಾಯ ಬಂದಾಗ ಚೀನಾದಿಂದ ಒಂದು ಕಂಟೇನರ್ ತರಿಸಿದೆ. ಆರು ತಿಂಗಳು ಎರಡನ್ನೂ ಒಂದೇ ಮಶೀನಿನಲ್ಲಿ ತಿರುವಿದ್ದೇನೆ.

ಹೊರಗಿನ ಮಾಲಿನ ಮೈ ನಯವಾಗಿತ್ತು, ಅಳತೆ ಎಲ್ಲ ಡ್ರಮ್ಮುಗಳಲ್ಲೂ ಒಂದೇ. ತಿರುವಲು ಬಿಟ್ಟ ಲೋಹ ಎರಡೇ ಮಿಲಿಮೀಟರ್; ಮಚ್ಛೆಯದರಲ್ಲಿ ಮೂರೂವರೆ. ಅಷ್ಟರ ಮಟ್ಟಿಗೆ ಸಮಯವೂ ಲೋಹ ಕೆತ್ತುವ ಇನ್ಸರ್ಟೂ (ಬದಲಿಸುವ ಅಲಗಿನ ತುಣುಕು) ಉಳಿದವು. ಈ ಗುಣವನ್ನು ಮುಚ್ಚಿಟ್ಟು ಊರಿನ ಮಾಲನ್ನು ಹೊಗಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ದರಪಟ್ಟಿಯಲ್ಲಿ ಅದು ಕಿಲೋಗೆ ಎಂಟು ರೂಪಾಯಿ ಅಗ್ಗ. ಹಡಗಿನ ಬಾಡಿಗೆ, ಸುಂಕ, ನ್ಹಾವಾ ಶೇವಾ ಬಂದರಿನಿಂದ ಲಾರಿ ಖರ್ಚು ಸೇರಿದ ಮೇಲೆ ಉಳಿದದ್ದು ಎರಡು. ಹಣ ಕಟ್ಟುವ ಹೊತ್ತಿಗೆ ಡಾಲರ್ ಏರಿ ಅದರಲ್ಲೂ ಒಂದು ಹೋಯಿತು. 1983ರಲ್ಲಿ ಮಾರುತಿ 800 ಹೊರಬಂದಾಗಲೂ ಬಿಡಿಭಾಗಗಳ ಕಿಟ್ ಜಪಾನಿನಿಂದಲೇ ಬರುತ್ತಿತ್ತು; 1985ರ ನಂತರ ಯೆನ್ ಬಲವಾದಂತೆ ಆ ಕಿಟ್ ದುಬಾರಿಯಾಗಿ, ಇಲ್ಲಿಯೇ ಮಾಡಿಸುವ ಅವಸರ ಹೆಚ್ಚಿತು. ಆ ನೋವಿನ ಒಂದು ಹನಿ ನನಗೂ ತಾಗಿತು.

ನಿಜವಾದ ವ್ಯತ್ಯಾಸ ಕಂಡದ್ದು ದೋಷ ಬಂದಾಗ. ಮಚ್ಛೆಯ ಒಂದು ಲಾಟಿನಲ್ಲಿ ಅಂಚು ಕಲ್ಲಿನಂತೆ ಗಟ್ಟಿಯಾಗಿ ಇನ್ಸರ್ಟುಗಳು ಪಟಪಟನೆ ಮುರಿದವು. ಫೋನ್ ಮಾಡಿದ ಅರ್ಧ ಗಂಟೆಗೆ ಫೌಂಡ್ರಿಯ ಮೇಸ್ತ್ರಿ ಬಂದರು. “ಸಾವಕಾರರೇ, ಮೊದಲು ಒಂದನ್ನು ಒಡೆದು ನೋಡೋಣ” ಎಂದು ಸುತ್ತಿಗೆ ಹಾಕಿದರು. ಮುರಿದ ಅಂಚು ಬೂದಾಗಿರದೆ ಬೆಳ್ಳಗಿತ್ತು. ತೆಳು ಅಂಚು ಬೇಗ ಆರಿದರೆ ಇಂಗಾಲ ಗ್ರಾಫೈಟ್ ಆಗದೆ ಕಬ್ಬಿಣದೊಡನೆ ಕೂಡಿ ಕಾರ್ಬೈಡ್ ಆಗುತ್ತದೆ. ಅದನ್ನು ತಡೆಯಲು ಹಾಕುವ ಫೆರೋಸಿಲಿಕಾನ್ ಮಿಶ್ರಣದ ಪ್ರಭಾವ ಕೆಲವೇ ನಿಮಿಷಗಳಲ್ಲಿ ಕುಗ್ಗುತ್ತದೆ. ಅಂದು ಕರಗಿದ ಕಬ್ಬಿಣ ತುಂಬಿದ ಲ್ಯಾಡಲ್ (ಹುಯ್ಯುವ ಪಾತ್ರೆ) ಹುಯ್ಯದೆ ಕಾದು ನಿಂತಿತ್ತಂತೆ. ಮರುದಿನ ನಾನೇ ಕುಲುಮೆಯ ಬಳಿ ನಿಂತು ನೋಡಿದೆ. ಮುಂದಿನ ಲಾಟು ಬೆಣ್ಣೆಯಂತೆ ತಿರುಗಿತು.

ಹಡಗಿನ ಮಾಲಿನಲ್ಲಿ ಕೆಲವಕ್ಕೆ ಒಳಗೆ ಗಾಳಿ ಗುಳ್ಳೆಗಳಿದ್ದವು. ತಿರುವುವವರೆಗೆ ಅವು ಕಾಣಲಿಲ್ಲ. ಫೋಟೋ ಕಳುಹಿಸಿದೆ, ಒಂಬತ್ತು ದಿನಕ್ಕೆ ಉತ್ತರ, ಎರಡು ತಿಂಗಳಿಗೆ ಹಣದ ಹೊಂದಾಣಿಕೆ. ಅಷ್ಟರಲ್ಲಿ ಗಿರಾಕಿಯ ಲೈನ್ ನಿಲ್ಲುವ ಸ್ಥಿತಿ ಬಂದಿತ್ತು. ಅಂದು ರಾತ್ರಿ ಪಾಳಿ ನಡೆಸಿ ಉಳಿಸಿದವರು ಮಚ್ಛೆಯವರೇ.

ಎರಡನೆಯ ಕಂಟೇನರ್ ತರಿಸಲಿಲ್ಲ. ಮೊದಲನೆಯದರ ಒಂದು ಒಳ್ಳೆಯ ಡ್ರಮ್ ಒಯ್ದು ಫೌಂಡ್ರಿಯಲ್ಲಿ ಎರಡು ಹೋಳು ಮಾಡಿಸಿದೆ. ಅದನ್ನು ಎದುರಿಗಿಟ್ಟುಕೊಂಡು ಪ್ಯಾಟರ್ನ್, ಅಂದರೆ ಅಚ್ಚು ಮಾಡುವ ಮಾದರಿ, ತಿದ್ದುತ್ತಿದ್ದಾರೆ. ಮೂರೂವರೆ ಮಿಲಿಮೀಟರ್ ಸದ್ಯ ಎರಡೂವರೆಗೆ ಇಳಿದಿದೆ.