ಹತ್ತು ಗ್ರಾಮಿನ ಜಿಗ್: ಕೆಲಸಕ್ಕ ಭಾರಿ ಛಲೋ, ಆದ್ರ ಸೀಸದ್ದು ತಗೋಬ್ಯಾಡ್ರಿ

ಜಿಗ್ ಅಂದ್ರ ತಲಿಗೆ ಲೋಹದ, ಹೆಚ್ಚಾಗಿ ಸೀಸದ, ಭಾರ ಕೂಡಿಸಿದ ಮೀನಿನ ಗಾಳದ ಹುಕ್. ಅದರ ಪ್ಯಾಕೆಟ್ ಮ್ಯಾಲೆ ಬಾಸ್ ಮೀನಿನ ಚಿತ್ರ ಇರ್ತೈತಿ, ವಿಡಿಯೋದಾಗೂ ಅಮೆರಿಕಾದ ಡ್ಯಾಮಿನ್ಯಾಗ ಬಾಸ್ ಹಿಡಿಯೂದನ್ನ ತೋರಸ್ತಾರ. ನಮ್ಮ ಸವದತ್ತಿ ಹತ್ರದ ಮಲಪ್ರಭಾ ಡ್ಯಾಮಿನ್ಯಾಗ ಬಾಸ್ ಇಲ್ರಿ, ಮರಲ್ ಐತಿ, ಬಾಳಿ ಮೀನು ಐತಿ. ಅವಕ್ಕ ಇದು ನಡಿತೈತೇನು ಅಂದ್ರ ನಡಿತೈತಿ, ಆದ್ರ ಎಲ್ಲಾ ಕಡೆ ಅಲ್ಲ. ದಂಡಿಗೆ ಜೊಂಡು, ಅಂತರಗಂಗಿ ತುಂಬಿದ್ದಲ್ಲೆ ರಬ್ಬರ್ ಕಪ್ಪೀನ ಹಾಕ್ರಿ. ಜಿಗ್ ಬೇಕಾಗೂದು ದಂಡಿ ಬಿಟ್ಟು ಸ್ವಲ್ಪ ಆಳದಾಗ, ಅದೂ ಮಳಿಗಾಲದ ರಾಡಿ ನೀರು ತಿಳಿ ಆದಮ್ಯಾಲ, ದೀಪಾವಳಿ ಮುಂದ.

ಸೈಜು ಬಣ್ಣ ಎಲ್ಲಾ ನೋಡೇ ಇರ್ತೀರಿ, ಅದನ್ನ ಬಿಡ್ತೀನಿ. ನಂಗ ಇದರಾಗ ಭಾಳ ಸೇರಿದ್ದು ಏನಂದ್ರ ಇದು ನೀರಿನ ತಳಾನ ಕೈಗೆ ತಂದು ಕೊಡ್ತೈತಿ. ಸ್ಪಿನ್ನರು, ಕಪ್ಪಿ ಎಲ್ಲಾ ಮ್ಯಾಲ ಮ್ಯಾಲ ಓಡ್ತಾವು, ಜಿಗ್ ಹಂಗಲ್ಲ, ಬಿಟ್ಟಕೂಡ್ಲೆ ಸೀದಾ ತಳಕ್ಕ ಹೋಗಿ ಕುಂದ್ರತೈತಿ. ಎರಿ ಮಣ್ಣಿನ ಕೆಸರಾಗ ಬಿದ್ರ ಏನೂ ಸಪ್ಪಳ ಇಲ್ಲ, ಕಲ್ಲಿದ್ರ ಕೈಯಾಗಿನ ರಾಡ್‌ಗೆ (ಗಾಳದ ಕೋಲಿಗೆ) ಟಕ್ ಟಕ್ ಅಂತೈತಿ, ಬದುವಿನ ಮ್ಯಾಲಿಂದ ಜಾರಿದ್ರ ದಾರ ಒಮ್ಮೆಲೆ ಇನ್ನಷ್ಟು ಇಳಿತೈತಿ. ಹೌದ್ರಿ, ಬದು ಅಂದ್ರ ಹೊಲದ ಬದೂನ. ಬ್ಯಾಸಗ್ಯಾಗ ನೀರು ಹಿಂದ ಸರದಾಗ ಸುತ್ತಮುತ್ತಲಿನ ಮಂದಿ ಅಲ್ಲೆ ಬಿತ್ತಿ ಬೆಳಿತಾರ, ನೀರು ತುಂಬಿದ್ರ ಆ ಬದು, ಆ ಜಾಲಿ ಬೊಡ್ಡಿ ಎಲ್ಲಾ ಮೀನಿನ ಮನಿ ಆಕ್ಕಾವು. ಅದಕ್ಕ ನಾ ಏಪ್ರಿಲ್ ಮೇ ತಿಂಗಳದಾಗ ರಾಡ್ ಇಲ್ಲದನ ಹೋಗಿ ಒಣಗಿದ ತಳದಾಗ ಅಡ್ಡಾಡಿ, ಯಾವ ಬದು ಎಲ್ಲೆ ತಿರಗತೈತಿ ಅಂತ ದಂಡಿ ಮ್ಯಾಲಿನ ಗಿಡಾ ಗುರ್ತ ಇಟ್ಕೊಂಡು ಬರ್ತೀನಿ. ಮೀನು ಹೆಚ್ಚಾಗಿ ಕಚ್ಚೂದು ಜಿಗ್ ಇಳಿಯೂ ಮುಂದ, ಆವಾಗ ದಾರ ಮಗ್ಗಲಕ್ಕ ಒಂದು ಸಣ್ಣ ಜಿಗತ ಜಿಗಿತೈತಿ, ಅದನ್ನ ನೋಡೂ ಸುಖಾನ ಬ್ಯಾರೆ.

ಶನಿವಾರ ರಾತ್ರಿ ಊಟ ಆದಮ್ಯಾಲ ಹಾಸಿಗ್ಯಾಗ ಪೇಪರ್ ಹಾಸಿ ಎಲ್ಲಾ ಜಿಗ್ ಸಾಲಾಗಿ ಇಡ್ತೀನಿ. ಹುಕ್ಕಿನ ಕಣ್ಣಾಗ ಬಣ್ಣ ತುಂಬಿರ್ತೈತಿ, ಸೂಜಿಲೆ ಚುಚ್ಚಿ ತಗೀಬೇಕು, ಆಮ್ಯಾಲ ಮನೀವ್ರ ಹೊಲಿಗಿ ಮಷೀನಿನ ಎಣ್ಣಿ ಒಂದೊಂದ ಹನಿ. ಮರಲ್ ಬಾಯಿ ಎಲುಬಿನಂಗ ಗಟ್ಟಿ, ಹುಕ್ ಚೂಪಿಲ್ಲಂದ್ರ ಒಳಗ ಇಳಿಯೂದಿಲ್ಲ, ತೆಳು ತಂತಿದಿದ್ರ ಹಿಗ್ಗಿ ನೆಟ್ಟಗ ಆಗಿ ಬಿಡ್ತೈತಿ, ಅದಕ್ಕ ತಗೋಳಾಗ ಹುಕ್ಕಿನ ದಪ್ಪ ನೋಡ್ರಿ. ಬೆಳಿಗ್ಗಿ ನಸುಕಿನ್ಯಾಗ ಧಾರವಾಡ ಬಿಟ್ರ ಅಮ್ಮಿನಬಾವಿ, ಹಾರೋಬೆಳವಡಿ, ಇನಾಮಹೊಂಗಲ ದಾಟಿ ಸವದತ್ತಿ. ಹುಣ್ಣಿಮಿ ದಿನ ಮಾತ್ರ ಹೋಗಬ್ಯಾಡ್ರಿ, ಯಲ್ಲಮ್ಮನ ಗುಡ್ಡದ ಮಂದಿ ಗಾಡಿ ರೋಡ್ ತುಂಬ ಇರ್ತಾವು. ಪರವಾನಗಿ ವಿಷಯ ಮೀನುಗಾರಿಕಿ ಇಲಾಖ್ಯಾಗ ಮೊದ್ಲ ಕೇಳಕೋರಿ.

ಇನ್ನ ನನ್ನ ಸಿಟ್ಟಿನ ಮಾತಿಗೆ ಬರ್ತೀನಿ. ತಳ ಮುಟ್ಟೂ ವಸ್ತು ತಳದಾಗ ಉಳಿಯೂದೂ ಹೆಚ್ಚು. ಕಣ್ಣು ಮ್ಯಾಲೆ, ಭಾರ ಕೆಳಗ ಇರೂದಕ್ಕ ಹುಕ್ ಮ್ಯಾಲಮುಖ ಆಗೇ ಇರ್ತೈತಿ, ಹಂಗಾಗಿ ಸಿಗಬೀಳೂದು ಕಮ್ಮಿ, ಆದ್ರೂ ಜಾಲಿ ಬೊಡ್ಡ್ಯಾಗ, ಹರಕ ಬಲಿಯೊಳಗ ಸಿಕ್ಕು ಹೋಗೇ ಹೋಗ್ತಾವು. ಹೋಗಿದ್ದೆಲ್ಲಾ ಸೀಸ. ಹುಬ್ಬಳ್ಳಿ ಧಾರವಾಡದ ನಳಕ್ಕ ಬರೂದು ಇದ ಡ್ಯಾಮಿನ ನೀರು, ಅಮ್ಮಿನಬಾವ್ಯಾಗ ಶುದ್ಧ ಆಗಿ ನಮ್ಮ ಮನಿಗೆ ಬರ್ತೈತಿ. ಅದಕ್ಕ ಸೀಸ ಎಸಿಯಾಕ ನನಗಂತೂ ಮನಸ್ಸು ಒಪ್ಪವಲ್ದು. ಹಕ್ಕಿಗಳ ವಿಷಯ ಇನ್ನೂ ಕೆಟ್ಟ. ಬ್ರಿಟನ್ನಿನ್ಯಾಗ ಹಂಸಗಳು ಗಾಳದ ಸೀಸ ನುಂಗಿ ಸಾಯ್ತಾವಂತ 1987ರಾಗನ 28 ಗ್ರಾಮ್ ತನಕದ ಸೀಸದ ಗುಂಡು ಬಂದ್ ಮಾಡ್ಯಾರ. ನಮ್ಮ ಗದಗ ಜಿಲ್ಲಾದ ಮಾಗಡಿ ಕೆರಿಗೆ ಚಳಿಗಾಲದಾಗ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬರ್ತಾವು, ಅಂಥಾ ಹಕ್ಕಿ ನಮ್ಮ ನೀರಿಗಿಳದು ಸೀಸ ನುಂಗಬೇಕೇನ್ರಿ? ಬ್ಯಾಸಗ್ಯಾಗ ತಳದಾಗ ಅಡ್ಡಾಡುವಾಗ ಸಿಕ್ಕ ಜಿಗ್ ಎಲ್ಲಾ ಆರಸ್ಕೊಂಡು ಬರ್ತೀನಿ, ನಂದಿರ್ಲಿ ಮಂದೀದಿರ್ಲಿ.

ಟಂಗ್‌ಸ್ಟನ್ ಜಿಗ್ ತರಿಸಿ ನೋಡೀನಿ. ಸೀಸದ ಸಾಂದ್ರತೆ 11.3, ಇದರದ್ದು 19.3, ಹಂಗಾಗಿ ಅಷ್ಟ ತೂಕಕ್ಕ ತಲಿ ಸಣ್ಣದು, ಗಟ್ಟಿ ಲೋಹ ಆಗಿದ್ದಕ್ಕ ಕಲ್ಲು ಬಡಿಯೂದು ಇನ್ನೂ ಸ್ಪಷ್ಟ ಗೊತ್ತಾಕ್ಕೈತಿ. ರೊಕ್ಕ ಮಾತ್ರ ಭಾಳ, ಸೀಸದ ಐದು ಬರೂ ರೊಕ್ಕಕ್ಕ ಇದು ಒಂದೋ ಎರಡೋ. ನನ್ನ ಪಗಾರಕ್ಕ ಡಬ್ಬಿ ತುಂಬ ಇದನ್ನ ಇಡಾಕ ಆಗೂದಿಲ್ಲ, ಅದಕ್ಕ ಬೊಡ್ಡಿ ಇದ್ದಲ್ಲೆ ಕಪ್ಪಿ, ಬದು ಬರೇ ಮಣ್ಣಿಂದು ಅಂತ ಖಾತ್ರಿ ಇದ್ದಲ್ಲೆ ಟಂಗ್‌ಸ್ಟನ್ ಅಂತ ಮಾಡ್ಕೊಂಡೀನಿ. ಮರಲ್ ಜೋಡಿ ಕೆಂಪು ಮರಿ ಹಿಂಡು ಕಂಡ್ರ ಮಾತ್ರ ಏನೂ ಹಾಕಬ್ಯಾಡ್ರಿ, ತಾಯಿ ತಂದಿ ಕಾಯಕತ್ತಿರ್ತಾವು, ಅವನ್ನ ಹಿಡದ್ರ ಮರಿ ಎಲ್ಲಾ ಬ್ಯಾರೆ ಮೀನಿನ ಬಾಯಿಗೆ. ಹುಬ್ಬಳ್ಳಿ ಅಂಗಡಿಯವ್ರು ಬಣ್ಣ ಇಲ್ಲದ ಸಾದಾ ಟಂಗ್‌ಸ್ಟನ್, ಇಲ್ಲಾ ಸ್ಟೀಲಿಂದು ಹತ್ತು ಗ್ರಾಮಿನ್ಯಾಗ ದಪ್ಪ ಹುಕ್ ಹಾಕಿ ತರಿಸಿದ್ರ, ಸೀಸದಕ್ಕಿಂತ ಡಬಲ್ ರೇಟ್ ಕೊಟ್ಟು ತಗೋಳಾಕ ನಾ ತಯಾರದೀನಿ.